ಸ್ಥಾಪಕನಿಗೇ ಒಗ್ಗದ ಪಕ್ಷ: ಮಲಯಾದ ಅಮ್ನೋ ಮತ್ತು ಅದರ ನಾಯಕತ್ವ

ರಾಷ್ಟ್ರೀಯ ಪಕ್ಷ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಪರಕೀಯರ ಆಳ್ವಿಕೆಯ ವಿರುದ್ಧ ಎದ್ದುನಿಂತ ಸಂಘಟನೆ. ಆ ಅಳತೆಗೋಲು ಹಿಡಿದು ಮಲಯಾದ ಚರಿತ್ರೆಯೊಳಗೆ ಕಾಲಿಟ್ಟರೆ ಹೊಸಿಲಲ್ಲೇ ಎಡವುತ್ತೇವೆ. 1946ರ ಮೇ 11ರಂದು ಜೊಹೊರ್ ಬಾರುವಿನ ಅರಮನೆಯಲ್ಲಿ ಸ್ಥಾಪನೆಯಾದ ಯುನೈಟೆಡ್ ಮಲೇಸ್ ನ್ಯಾಷನಲ್ ಆರ್ಗನೈಸೇಷನ್, ಎಲ್ಲರ ಬಾಯಲ್ಲಿ ಅಮ್ನೋ, ಬ್ರಿಟಿಷರು ತೊಲಗಬೇಕೆಂದು ಆಗ ಕೇಳಲಿಲ್ಲ. ನಮ್ಮ ಸುಲ್ತಾನರೊಂದಿಗೆ ನೀವು ಮಾಡಿಕೊಂಡ ಹಳೆಯ ಒಪ್ಪಂದಗಳಂತೆ ನಡೆದುಕೊಳ್ಳಿ ಎಂದಷ್ಟೇ ಕೇಳಿತು. ಅದರ ಮೊದಲ ಘೋಷಣೆ 'ಹಿದುಪ್ ಮೆಲಾಯು', ಮಲಯರು ಬಾಳಲಿ ಎಂಬುದು. 'ಮೆರ್ದೆಕಾ', ಅಂದರೆ ಸ್ವಾತಂತ್ರ್ಯ, ಎಂಬ ಕೂಗು ಪಕ್ಷದ ಅಧಿಕೃತ ಘೋಷಣೆಯಾದದ್ದು 1951ರಲ್ಲಿ. ಆ ವರ್ಷವೇ ಪಕ್ಷವನ್ನು ಕಟ್ಟಿದ ಓನ್ ಬಿನ್ ಜಾಫರ್ ಅದನ್ನು ಬಿಟ್ಟು ಹೊರನಡೆದಿದ್ದರು. ಐದೇ ವರ್ಷದಲ್ಲಿ ಸ್ಥಾಪಕನಿಗೆ ತಾನು ಸ್ಥಾಪಿಸಿದ ಪಕ್ಷ ಯಾಕೆ ಒಗ್ಗಲಿಲ್ಲ? ಅವರ ಸ್ಥಾನಕ್ಕೆ ಬಂದ, ಅವರಷ್ಟು ವಾಗ್ಮಿಯೂ ಅಲ್ಲದ, ಅವರಷ್ಟು ಅನುಭವವೂ ಇಲ್ಲದ ತುಂಕು ಅಬ್ದುಲ್ ರಹಮಾನ್ ಅದೇ ಪಕ್ಷವನ್ನು ಸ್ವತಂತ್ರ ದೇಶದ ಅಧಿಕಾರದವರೆಗೆ ಹೇಗೆ ಒಯ್ದರು? ಪಕ್ಷ ಯಾವ ಪ್ರಶ್ನೆಯ ಮೇಲೆ ಹುಟ್ಟಿತೋ ಆ ಪ್ರಶ್ನೆಯೇ ಅದರ ನಾಯಕನಿಗೆ ಎಷ್ಟು ಸ್ವಾತಂತ್ರ್ಯ ಎಂಬುದನ್ನು ಗೊತ್ತುಮಾಡಿತು ಎಂಬುದು ನನ್ನ ವಾದ. ಹೊರಗಿನವರೊಂದಿಗೆ ನಾಯಕ ಎಂಥ ಒಪ್ಪಂದವನ್ನಾದರೂ ಮಾಡಿಕೊಳ್ಳಬಹುದಿತ್ತು. ಒಳಗಿನವರು ಯಾರು ಎಂಬುದನ್ನು ಮಾತ್ರ ಮುಟ್ಟುವಂತಿರಲಿಲ್ಲ.

ಆ ಪ್ರಶ್ನೆ ಎದ್ದದ್ದು ಮಲಯನ್ ಯೂನಿಯನ್ ಯೋಜನೆಯಿಂದ. ಯುದ್ಧಕ್ಕೆ ಮುಂಚೆ ಬ್ರಿಟಿಷ್ ಮಲಯಾ ಎಂಬುದು ಒಂದು ದೇಶವೇ ಆಗಿರಲಿಲ್ಲ. ಒಂಬತ್ತು ಸುಲ್ತಾನರ ರಾಜ್ಯಗಳು, ಪಿನಾಂಗ್, ಮಲಕ್ಕಾ, ಸಿಂಗಪುರ ಎಂಬ ವಸಾಹತುಗಳು, ಒಂದೊಂದಕ್ಕೂ ಬೇರೆ ಬೇರೆ ಬಗೆಯ ಆಡಳಿತ. 1945ರಲ್ಲಿ ಜಪಾನೀಯರು ಸೋತ ಮೇಲೆ ಮರಳಿ ಬಂದ ಬ್ರಿಟಿಷರು ಸಿಂಗಪುರವನ್ನು ಬಿಟ್ಟು ಉಳಿದದ್ದನ್ನೆಲ್ಲ ಒಂದೇ ಆಡಳಿತದ ಕೆಳಗೆ ತರಲು ಹೊರಟರು. ಸುಲ್ತಾನರ ಅಧಿಕಾರ ಬ್ರಿಟಿಷ್ ದೊರೆತನಕ್ಕೆ ವರ್ಗವಾಗಬೇಕು. ಮಲಯಾದಲ್ಲೋ ಸಿಂಗಪುರದಲ್ಲೋ ಹುಟ್ಟಿದವರಿಗೆ, ಹಿಂದಿನ ಹದಿನೈದು ವರ್ಷಗಳಲ್ಲಿ ಹತ್ತು ವರ್ಷ ಅಲ್ಲಿ ನೆಲೆಸಿದವರಿಗೆ, ಯಾವ ಜನಾಂಗವೆಂದು ನೋಡದೆ ಪೌರತ್ವ ಸಿಗಬೇಕು. ಇದಕ್ಕೆ ಸಹಿ ಪಡೆಯಲು ಹೆರಾಲ್ಡ್ ಮ್ಯಾಕ್‌ಮೈಕೇಲ್ ಎಂಬ ಅಧಿಕಾರಿ 1945ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಒಂಬತ್ತೂ ಅರಮನೆಗಳನ್ನು ಸುತ್ತಿದರು. ಜಪಾನೀಯರ ಕಾಲದಲ್ಲಿ ಹೇಗೆ ನಡೆದುಕೊಂಡಿರಿ ಎಂಬ ವಿಚಾರಣೆಯ ಭಯ ಒಂದೆಡೆ, ಪಟ್ಟಕ್ಕೆ ಬ್ರಿಟಿಷರ ಮನ್ನಣೆ ಸಿಗುವುದೋ ಇಲ್ಲವೋ ಎಂಬ ಅನುಮಾನ ಇನ್ನೊಂದೆಡೆ. ಒಂಬತ್ತು ಮಂದಿಯೂ ಸಹಿ ಹಾಕಿದರು. 1947ರ ಜನಗಣತಿ ನೋಡಿದರೆ ಮಲಯರ ಕಳವಳದ ಕಾರಣ ತಿಳಿಯುತ್ತದೆ. ಪರ್ಯಾಯದ್ವೀಪದ ಸುಮಾರು 49 ಲಕ್ಷ ಜನರಲ್ಲಿ ಅವರು ಅರ್ಧಕ್ಕಿಂತ ಕೂದಲೆಳೆಯಷ್ಟು ಕಡಿಮೆ, ಚೀನಿಯರು ನೂರಕ್ಕೆ 38, ಭಾರತೀಯರು ನೂರಕ್ಕೆ ಹತ್ತು ಹನ್ನೊಂದು. ಯುದ್ಧ ಮುಗಿದ ವಾರಗಳಲ್ಲಿ ಬಹುಪಾಲು ಚೀನಿಯರೇ ಇದ್ದ ಗೆರಿಲ್ಲಾ ಪಡೆ ಹಲವು ಊರುಗಳನ್ನು ಕೈಗೆ ತೆಗೆದುಕೊಂಡು ಜಪಾನೀಯರಿಗೆ ನೆರವಾದವರೆಂದು ಶಂಕಿಸಿದವರನ್ನು ದಂಡಿಸಿತ್ತು. ಜೊಹೊರ್‌ನ ಬಾತು ಪಹಾತ್ ಜಿಲ್ಲೆಯಲ್ಲಿ ಮಲಯರಿಗೂ ಚೀನಿಯರಿಗೂ ನಡೆದ ಕಾದಾಟದ ರಕ್ತ ಇನ್ನೂ ಒಣಗಿರಲಿಲ್ಲ. ಆ ಕಾದಾಟವನ್ನು ತಣ್ಣಗಾಗಿಸಲು ಓಡಾಡಿದ ಜಿಲ್ಲಾಧಿಕಾರಿಯೇ ಓನ್ ಜಾಫರ್.

ಪ್ರತಿಭಟನೆ ಬ್ರಿಟಿಷರ ಕಡೆಗಷ್ಟೇ ತಿರುಗಲಿಲ್ಲ ಎಂಬುದನ್ನು ಪಕ್ಷದ ಅಧಿಕೃತ ಚರಿತ್ರೆಗಳು ಬೇಗಬೇಗ ದಾಟಿಬಿಡುತ್ತವೆ. ಎಲ್ಲರಿಗಿಂತ ಮೊದಲು ಸಹಿ ಹಾಕಿದವರು ಜೊಹೊರ್‌ನ ಸುಲ್ತಾನ್ ಇಬ್ರಾಹಿಂ. ಜೊಹೊರ್‌ಗೆ 1895ರಷ್ಟು ಹಿಂದೆಯೇ ಬರೆದಿಟ್ಟ ಸಂವಿಧಾನವಿತ್ತು. ರಾಜ್ಯವನ್ನು ಪರರಿಗೆ ಒಪ್ಪಿಸುವ ಅಧಿಕಾರ ದೊರೆಗಿಲ್ಲ ಎಂದು ಅದರಲ್ಲಿತ್ತು. 1946ರ ಫೆಬ್ರವರಿ ಮೊದಲಲ್ಲಿ ಜೊಹೊರ್ ಬಾರುವಿನ ಅಬು ಬಕರ್ ಮಸೀದಿಯಲ್ಲಿ ಸೇರಿದ ಮಲಯರು ಈ ಸಂವಿಧಾನವನ್ನೇ ಮುಂದಿಟ್ಟುಕೊಂಡು, ಅದನ್ನು ಮುರಿದ ಸುಲ್ತಾನ್ ಪಟ್ಟದಿಂದ ಇಳಿಯಬೇಕೆಂದರು. ಶತಮಾನಗಳ ರಾಜಭಕ್ತಿಯ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ದೊರೆ ಪ್ರಜೆಗಳ ಪರವಾಗಿ ಮಾತಾಡುವವನು ಎಂಬ ಊಹೆ ಅಲ್ಲಿಗೆ ಬಿರುಕುಬಿಟ್ಟಿತು. ಹಾಗಾದರೆ ಮಲಯರ ಪರವಾಗಿ ಯಾರು ಮಾತಾಡಬೇಕು? ಅಮ್ನೋ ಹುಟ್ಟಿದ್ದು ಈ ಖಾಲಿ ಜಾಗದಲ್ಲಿ.

ಮಾರ್ಚ್ 1ರಿಂದ 4ರವರೆಗೆ ಕ್ವಾಲಾಲಂಪುರದ ಕಂಪೊಂಗ್ ಬಾರುವಿನ ಸುಲ್ತಾನ್ ಸುಲೈಮಾನ್ ಕ್ಲಬ್ಬಿನಲ್ಲಿ 41 ಮಲಯ ಸಂಘಗಳ ಪ್ರತಿನಿಧಿಗಳು ಸೇರಿದರು. ತಿಂಗಳ ಕೊನೆಗೆ ಮತ್ತೆ ಸೇರಿ, ಏಪ್ರಿಲ್ 1ರಂದು ನಡೆಯಲಿದ್ದ ಹೊಸ ಗವರ್ನರ್ ಎಡ್ವರ್ಡ್ ಜೆಂಟ್ ಅವರ ಪದಗ್ರಹಣಕ್ಕೆ ಯಾವ ಮಲಯನೂ ಹೋಗಕೂಡದೆಂದು ನಿರ್ಣಯಿಸಿದರು. ಗಂಡಸರು ತಮ್ಮ ಸೊಂಗ್‌ಕೊಕ್ ಟೋಪಿಗೆ ಏಳು ದಿನ ಬಿಳಿಯ ಬಟ್ಟೆ ಸುತ್ತಿಕೊಳ್ಳಬೇಕು. ಅಲ್ಲಿ ಸೂತಕದ ಬಣ್ಣ ಬಿಳಿ. ಸಮಾರಂಭಕ್ಕೆಂದೇ ಬಂದ ಸುಲ್ತಾನರು ಕ್ವಾಲಾಲಂಪುರದ ರೈಲು ನಿಲ್ದಾಣದ ಹೋಟೆಲಿನಲ್ಲಿ ಇಳಿದಿದ್ದರು. ಓನ್ ಅಲ್ಲಿಗೆ ಹೋಗಿ, ನೀವು ಸಮಾರಂಭಕ್ಕೆ ಹೋದರೆ ಪ್ರಜೆಗಳು ನಿಮ್ಮನ್ನು ದೊರೆಗಳೆಂದು ಒಪ್ಪುವುದಿಲ್ಲ ಎಂಬರ್ಥದ ಮಾತಾಡಿದರು. ಹೊರಗೆ ಸೇರಿದ್ದ ಜನ ದೊರೆಗಳಿಗೆ ಜಯಕಾರ ಹಾಕುತ್ತಿದ್ದರು. ಸುಲ್ತಾನರು ಮಾಳಿಗೆಯಿಂದ ಮುಖ ತೋರಿಸಿದರು, ಸಮಾರಂಭಕ್ಕೆ ಮಾತ್ರ ಹೋಗಲಿಲ್ಲ. ಈ ದೃಶ್ಯವನ್ನು ರಾಜಭಕ್ತಿಯ ಉತ್ಸವವೆಂದು ಓದುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಜಯಕಾರವೂ ಎಚ್ಚರಿಕೆಯೂ ಒಂದೇ ಉಸಿರಿನಲ್ಲಿ ಬಂದವು. ದೊರೆಗಳ ಹೆಸರಿನಲ್ಲಿ, ದೊರೆಗಳ ಕಣ್ಣೆದುರಿಗೇ, ಪ್ರಾತಿನಿಧ್ಯದ ಹಕ್ಕು ಅರಮನೆಯಿಂದ ಸಂಘಟನೆಗೆ ದಾಟಿಹೋಯಿತು.

ಈ ಹಕ್ಕನ್ನು ಕೈಗೆತ್ತಿಕೊಂಡವರು ಯಾರು ಎಂದು ನೋಡಿದರೆ ಪಕ್ಷದ ಮೈಕಟ್ಟು ತಿಳಿಯುತ್ತದೆ. ಮುಂಚೂಣಿಯಲ್ಲಿದ್ದವರು ಇಂಗ್ಲಿಷ್ ಕಲಿತ ಸರಕಾರಿ ಅಧಿಕಾರಿಗಳು, ರಾಜಮನೆತನದ ನಂಟಿನವರು. ಓನ್ ಅವರ ತಂದೆ ಜಾಫರ್, ಜೊಹೊರ್‌ನ ಮೊದಲ ಮೆಂತೆರಿ ಬೆಸಾರ್, ಅಂದರೆ ದಿವಾನರಂಥ ಹುದ್ದೆಯವರು. ಓನ್ ಸುಲ್ತಾನರ ಆಶ್ರಯದಲ್ಲಿ ಬೆಳೆದು, ಅದೇ ಸುಲ್ತಾನರನ್ನು ಟೀಕಿಸಿ ಊರು ಬಿಡಬೇಕಾಗಿ ಬಂದು, 1930ರಲ್ಲಿ ಸಿಂಗಪುರದಲ್ಲಿ 'ವಾರ್ತಾ ಮಲಾಯಾ' ಪತ್ರಿಕೆಯ ಸಂಪಾದಕರಾಗಿದ್ದವರು. ಅರಮನೆಯ ಒಳಹೊರಗು ಎರಡನ್ನೂ ಬಲ್ಲವರು. ಆದರೆ ಅಧಿಕಾರಿಗಳಷ್ಟೇ ಇದ್ದಿದ್ದರೆ ಅದು ಒಂದು ಅಹವಾಲು ಸಮಿತಿಯಾಗಿ ಮುಗಿಯುತ್ತಿತ್ತು. ಕೆಳಗೆ ಹಳ್ಳಿಯ ಮಲಯ ಶಾಲೆಗಳ ಮೇಷ್ಟರುಗಳು, ಪೆಂಗುಲು ಎಂಬ ಗ್ರಾಮಾಧಿಕಾರಿಗಳು, ಮಸೀದಿಯ ಇಮಾಮರು ಇದ್ದರು. 1946ರ ಮೆರವಣಿಗೆಗಳಲ್ಲಿ ಹೆಂಗಸರು ಬೀದಿಗಿಳಿದದ್ದನ್ನು ಕಂಡು ಬೆರಗಾದವರಲ್ಲಿ ವಸ್ತುಸ್ಥಿತಿ ನೋಡಲು ಬಂದಿದ್ದ ಇಬ್ಬರು ಬ್ರಿಟಿಷ್ ಸಂಸದರೂ ಇದ್ದರು. ಇನ್ನೊಂದು ಸಂಗತಿ: 1939ರಲ್ಲೂ 1940ರಲ್ಲೂ ಮಲಯ ಸಂಘಗಳು ಒಂದಾಗಲು ಸಮ್ಮೇಳನ ನಡೆಸಿದ್ದವು. ನಮ್ಮ ರಾಜ್ಯ, ನಮ್ಮ ಸುಲ್ತಾನ ಎಂಬ ಅಭಿಮಾನದಿಂದಾಗಿ ಏನೂ ಕೂಡಿಬರಲಿಲ್ಲ. 1946ರಲ್ಲಿ ಕೂಡಿಬಂದದ್ದು ಬ್ರಿಟಿಷರು ಒಂಬತ್ತೂ ರಾಜ್ಯಗಳನ್ನು ಒಂದೇ ಏಟಿಗೆ ಒಂದುಮಾಡಲು ಹೊರಟಿದ್ದರಿಂದ. ಹೀಗೆ ಅಮ್ನೋ ಮೊದಲಿಗೆ ಸಂಘಗಳ ಒಕ್ಕೂಟ. ಆ ಸಂಘಗಳಿಗೆ ಜಾತಕ ಬೇರೆ, ದೊರೆ ಬೇರೆ, ಹಿತ ಬೇರೆ. ಎಲ್ಲಕ್ಕೂ ಸಮಾನವಾಗಿದ್ದದ್ದು ಒಂದೇ: ನಾವು ಮಲಯರು ಎಂಬುದು. ಆ ಒಂದನ್ನು ತೆಗೆದರೆ ಒಕ್ಕೂಟಕ್ಕೆ ಬೇರೆ ಅಂಟು ಇರಲಿಲ್ಲ.

ಆ 'ನಾವು' ಎಷ್ಟು ಬಿಗಿ ಎಂಬುದಕ್ಕೆ ಮೊದಲ ಪುರಾವೆ ಒಂದು ತಿಂಗಳಲ್ಲೇ ಸಿಕ್ಕಿತು. 1945ರ ಅಕ್ಟೋಬರ್‌ನಲ್ಲಿ ಇಪೊದಲ್ಲಿ ಹುಟ್ಟಿದ್ದ ಮಲಯ ನ್ಯಾಷನಲಿಸ್ಟ್ ಪಾರ್ಟಿ ಕೂಡ ಈ ಸಮ್ಮೇಳನಗಳಲ್ಲಿ ಇತ್ತು. ಬುರ್ಹಾನುದ್ದೀನ್ ಅಲ್ ಹೆಲ್ಮಿ ಮೊದಲಾದವರ ಈ ಎಡಪಂಥೀಯ ಪಕ್ಷಕ್ಕೆ ಸುಲ್ತಾನರು ಬೇಕಿರಲಿಲ್ಲ. ಇಂಡೊನೇಷ್ಯಾದೊಂದಿಗೆ ಕೂಡಿದ ವಿಶಾಲ ಮಲಯ ನಾಡು ಅದರ ಕನಸು. ಅಮ್ನೋದ ಧ್ವಜದ ಪ್ರಶ್ನೆ ಬಂದಾಗ ಅವರು ಇಂಡೊನೇಷ್ಯಾದ ಕೆಂಪು ಬಿಳುಪು ಬಾವುಟ ಕೇಳಿ, ಸಿಗದೆ, ಜೂನ್‌ನಲ್ಲಿ ಹೊರಬಿದ್ದರು. ಉಳಿದ ಅಮ್ನೋ ಸುಲ್ತಾನರೊಡನೆ ಸೇರಿ ಬ್ರಿಟಿಷರ ಜೊತೆ ಮಾತುಕತೆಗೆ ಕೂತಿತು. ಕರಡು ಸಮಿತಿಯಲ್ಲಿ ಸರಕಾರದ ಆರು, ಸುಲ್ತಾನರ ನಾಲ್ಕು, ಅಮ್ನೋದ ಎರಡು ಮಂದಿ. 1948ರ ಫೆಬ್ರವರಿ 1ರಂದು ಯೂನಿಯನ್ ಹೋಗಿ ಮಲಯಾ ಒಕ್ಕೂಟ ಬಂತು. ಸುಲ್ತಾನರ ಸ್ಥಾನ ಮರಳಿತು, ಪೌರತ್ವದ ನಿಯಮ ಬಿಗಿಯಾಯಿತು: ಹೊರಗಿನಿಂದ ಬಂದವರಿಗೆ ಇಪ್ಪತ್ತೈದು ವರ್ಷಗಳಲ್ಲಿ ಹದಿನೈದು ವರ್ಷದ ವಾಸ ಬೇಕಾಯಿತು. ಹುಟ್ಟಿದ ಎರಡೇ ವರ್ಷದಲ್ಲಿ ಪಕ್ಷ ತನ್ನ ಉದ್ದೇಶ ಸಾಧಿಸಿಬಿಟ್ಟಿತು. ಮುಂದೇನು ಎಂಬುದು ಅಲ್ಲಿಂದಲೇ ಕಾಡತೊಡಗಿತು.

ಓನ್ ಅವರಿಗೆ ಉತ್ತರ ಸ್ಪಷ್ಟವಿತ್ತು. ಚೀನಿಯರನ್ನೂ ಭಾರತೀಯರನ್ನೂ ಬಿಟ್ಟು ಬ್ರಿಟಿಷರಿಂದ ಸ್ವರಾಜ್ಯ ಪಡೆಯಲು ಆಗದು; ಅವರೆಲ್ಲ ಒಂದೇ ಪಕ್ಷದೊಳಗೆ ಬರಲಿ ಎಂದು ಅವರು ಕಂಡುಕೊಂಡರು. 1949ರಲ್ಲಿ ಬೇರೆ ಬೇರೆ ಸಮುದಾಯಗಳ ಮುಖಂಡರ ಸಮಾಲೋಚನಾ ಸಮಿತಿಯಲ್ಲಿ ಕೂತು ಪೌರತ್ವ ಸಡಿಲಿಸುವ ಸಲಹೆಗೆ ಒಪ್ಪಿದರು. 1950ರಲ್ಲಿ ಪಕ್ಷ ಅದನ್ನು ಒಪ್ಪದೆ ಹೋದಾಗ ರಾಜೀನಾಮೆ ಕೊಟ್ಟರು. ಪಕ್ಷ ಗಾಬರಿಬಿದ್ದು ಅವರನ್ನು ಮರಳಿ ಕರೆಯಿತು, ಸಲಹೆಗಳನ್ನೂ ಒಪ್ಪಿಕೊಂಡಿತು. ಮರುವರ್ಷ ಅವರು ಇನ್ನೊಂದು ಹೆಜ್ಜೆ ಇಟ್ಟರು: ಅಮ್ನೋದ ಸದಸ್ಯತ್ವ ಎಲ್ಲ ಜನಾಂಗಗಳಿಗೂ ತೆರೆಯಲಿ, ಹೆಸರಿನಲ್ಲಿರುವ 'ಮಲಯರ' ಎಂಬುದು 'ಮಲಯಾದ' ಎಂದಾಗಲಿ. ಪಕ್ಷ ಈ ಬಾರಿ ಜಗ್ಗಲಿಲ್ಲ. ಆಗಸ್ಟ್‌ನಲ್ಲಿ ಓನ್ ಹೊರಬಿದ್ದರು. ಅದೇ 26ರಂದು ತುಂಕು ಅಧ್ಯಕ್ಷರಾದರು. ಸೆಪ್ಟೆಂಬರ್ 16ರಂದು ಓನ್ ಇಂಡಿಪೆಂಡೆನ್ಸ್ ಆಫ್ ಮಲಯಾ ಪಾರ್ಟಿಯನ್ನು ಆರಂಭಿಸಿದರು.

ಓನ್ ಸೋತದ್ದು ಅವರ ಸ್ವಭಾವದಿಂದ ಎಂಬ ಮಾತು ಬಹಳ ಹಳೆಯದು. ದುಡುಕು, ಹಮ್ಮು, ಮಾತೆತ್ತಿದರೆ ರಾಜೀನಾಮೆ. ಸಮಕಾಲೀನರ ನೆನಪುಗಳಲ್ಲಿ ಇದೆಲ್ಲ ಬರುತ್ತದೆ, ಸುಳ್ಳೂ ಅಲ್ಲ. ಆದರೆ 1950 ಮತ್ತು 1951ನ್ನು ಅಕ್ಕಪಕ್ಕ ಇಟ್ಟು ನೋಡಿ. ಅದೇ ಮನುಷ್ಯ, ಅದೇ ಹಮ್ಮು, ಅದೇ ರಾಜೀನಾಮೆಯ ಅಸ್ತ್ರ. ಮೊದಲ ವರ್ಷ ಪಕ್ಷ ಮಣಿಯಿತು, ಎರಡನೆಯ ವರ್ಷ ಮಣಿಯಲಿಲ್ಲ. ಬದಲಾದದ್ದು ಸ್ವಭಾವವಲ್ಲ, ಬೇಡಿಕೆ. ಪೌರತ್ವ ದೇಶದ ವಿಷಯ. ಅದರಲ್ಲಿ ಕೊಡು ಕೊಳ್ಳು ನಡೆಯಬಹುದು, ಇಷ್ಟು ಕೊಟ್ಟು ಅಷ್ಟು ಪಡೆಯಬಹುದು. ಸದಸ್ಯತ್ವ ಪಕ್ಷದ ಒಡಲಿನ ವಿಷಯ. ಚೀನಿಯನೊಬ್ಬ ಮಲಯಾದ ಪ್ರಜೆಯಾದರೆ ಅಮ್ನೋದ ಸದಸ್ಯನಿಗೆ ಚೌಕಾಸಿ ಮಾಡಲು ಒಂದು ಸಂಘಟನೆ ಉಳಿದಿರುತ್ತದೆ. ಅವನು ಅಮ್ನೋದ ಸದಸ್ಯನೇ ಆಗಿಬಿಟ್ಟರೆ ಚೌಕಾಸಿ ಮಾಡುವವರು ಯಾರು? ಹಳ್ಳಿಯ ಮೇಷ್ಟರಿಗೆ ಈ ವ್ಯತ್ಯಾಸ ಓನ್ ಅವರಿಗಿಂತ ಚೆನ್ನಾಗಿ ಹೊಳೆದಿತ್ತು ಎಂದೇ ನನಗನ್ನಿಸುತ್ತದೆ.

ಕೆಡಾ ಸುಲ್ತಾನರ ಮಗನಾದ ತುಂಕು ಆಗ ಸರಕಾರಿ ವಕೀಲರು. ವಯಸ್ಸು ಐವತ್ತರ ಹತ್ತಿರ; ಬ್ಯಾರಿಸ್ಟರ್ ಓದು ಮುಗಿದು ಎರಡೇ ವರ್ಷವಾಗಿತ್ತು. ಕೆಲಸ ಬಿಟ್ಟು ಪಕ್ಷಕ್ಕೆ ಬಂದರು, ಖಜಾನೆಯಲ್ಲಿ ಹಣವಿಲ್ಲದೆ ಸ್ವಂತ ಆಸ್ತಿ ಮಾರಿದರು. ಅವರ ಸಾಧನೆಯೆಂದು ಹೇಳುವ ಮೈತ್ರಿಕೂಟದ ಉಪಾಯ ಮೊದಲು ಹೊಳೆದದ್ದು ಅವರಿಗಲ್ಲ ಎಂಬುದು ಗಮನಿಸಬೇಕಾದ ಸಂಗತಿ. 1952ರ ಫೆಬ್ರವರಿಯ ಕ್ವಾಲಾಲಂಪುರ ಪುರಸಭೆ ಚುನಾವಣೆಗೆ ಅಮ್ನೋದ ಸ್ಥಳೀಯ ಘಟಕವೂ ಮಲಯನ್ ಚೈನೀಸ್ ಅಸೋಸಿಯೇಷನ್ನಿನ ಸೆಲಾಂಗೊರ್ ಘಟಕದ ಎಚ್. ಎಸ್. ಲೀ ಅವರೂ ತಮ್ಮ ಮಟ್ಟದಲ್ಲೇ ಕೈಜೋಡಿಸಿದರು. ಚೀನೀ ಸಂಘದ ಅಧ್ಯಕ್ಷ ತಾನ್ ಚೆಂಗ್ ಲಾಕ್ ಆಗ ಓನ್ ಅವರ ಹೊಸ ಪಕ್ಷದ ಸ್ಥಾಪನಾ ಸಭೆಯ ಅಧ್ಯಕ್ಷತೆ ವಹಿಸಿದ್ದವರು ಎಂಬುದನ್ನು ನೆನೆದರೆ ಇದರ ಸ್ವಾರಸ್ಯ ತಿಳಿಯುತ್ತದೆ. ಹನ್ನೆರಡು ಸ್ಥಾನಗಳಲ್ಲಿ ಒಂಬತ್ತು ಈ ಜೋಡಿಗೆ, ಓನ್ ಪಕ್ಷಕ್ಕೆ ಎರಡು. ತುಂಕು ಮಾಡಿದ್ದು ಈ ಗೆಲುವನ್ನು ಗುರುತಿಸಿ ದೇಶಕ್ಕೆಲ್ಲ ಹಬ್ಬಿಸಿದ್ದು. 1954ರಲ್ಲಿ ಮಲಯನ್ ಇಂಡಿಯನ್ ಕಾಂಗ್ರೆಸ್ಸೂ ಬಂದು ಸೇರಿತು. ಒಬ್ಬೊಬ್ಬರ ಮನೆ ಒಬ್ಬೊಬ್ಬರಿಗೆ, ಪಂಚಾಯಿತಿಗೆ ಮಾತ್ರ ಒಂದೇ ಕಟ್ಟೆ.

1955ರ ಜುಲೈ 27ರ ಮೊದಲ ರಾಷ್ಟ್ರೀಯ ಚುನಾವಣೆ ಈ ಏರ್ಪಾಟಿನ ಸತ್ವಪರೀಕ್ಷೆ. ಮತದಾರರಲ್ಲಿ ನೂರಕ್ಕೆ 84 ಮಂದಿ ಮಲಯರು. ಸಂಖ್ಯೆಯ ಲೆಕ್ಕವೊಂದನ್ನೇ ನೋಡಿದ್ದರೆ ಅಮ್ನೋ 52 ಸ್ಥಾನಗಳನ್ನೂ ತನ್ನವರಿಗೇ ಇಟ್ಟುಕೊಳ್ಳಬಹುದಿತ್ತು. ತುಂಕು ಹದಿನೇಳನ್ನು ಬಿಟ್ಟುಕೊಟ್ಟರು: ಚೀನಿಯರಿಗೆ ಹದಿನೈದು, ಭಾರತೀಯರಿಗೆ ಎರಡು. ಪಕ್ಷದೊಳಗೆ ಗೊಣಗಾಟವಾಯಿತು, ಆದರೂ ಪಕ್ಷ ನುಂಗಿಕೊಂಡಿತು. ಮಲಯ ಮತದಾರರು ಚೀನೀ ಅಭ್ಯರ್ಥಿಗಳಿಗೂ ಓಟು ಹಾಕಿ 51 ಸ್ಥಾನ ಗೆಲ್ಲಿಸಿಕೊಟ್ಟರು. ಉಳಿದ ಒಂದು, ಅಮ್ನೋದ ಉಲೇಮಾಗಳ ಬಣದಿಂದಲೇ 1951ರಲ್ಲಿ ಕವಲೊಡೆದಿದ್ದ ಇಸ್ಲಾಮೀ ಪಕ್ಷಕ್ಕೆ. ಓನ್ ಜೊಹೊರ್ ಬಾರುವಿನಲ್ಲೇ ಸೋತರು. ಅಷ್ಟರಲ್ಲಿ ಅವರು ಪಾರ್ಟಿ ನೆಗಾರಾ ಎಂಬ ಇನ್ನೊಂದು ಪಕ್ಷ ಕಟ್ಟಿ, ತಾವೇ ತೊರೆದಿದ್ದ ಮಲಯ ಹಕ್ಕುಗಳ ಭಾಷೆಗೆ ಮರಳಿದ್ದರು. ಅಮ್ನೋ ಚೀನಿಯರಿಗೆ ನಾಡು ಮಾರುತ್ತಿದೆ ಎಂದೂ ಪ್ರಚಾರ ನಡೆಯಿತು. ಜನ ಕಿವಿಗೊಡಲಿಲ್ಲ. ಸ್ಥಾನ ಬಿಟ್ಟುಕೊಡುವ ನಾಯಕನನ್ನು ಮಲಯ ಮತದಾರ ಒಪ್ಪಿದ, ಸದಸ್ಯತ್ವ ಬಿಟ್ಟುಕೊಡಲು ಹೊರಟವನನ್ನು ಅವನು ಯಾವ ವೇಷದಲ್ಲಿ ಬಂದರೂ ನಂಬಲಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಜನಾಂಗವಾರು ಪಕ್ಷಗಳೆಲ್ಲ ಬ್ರಿಟಿಷರ ಒಡೆದಾಳುವ ನೀತಿಯ ಫಲ ಎಂಬುದು ಮೊದಲನೆಯದು. ವಲಸೆ, ಗಣಿ, ರಬ್ಬರ್ ತೋಟ, ಬೇರೆ ಬೇರೆ ಶಾಲೆಗಳು, ಈ ಸಮಾಜವನ್ನೇ ಹಾಗೆ ಕಟ್ಟಿದವರು ಬ್ರಿಟಿಷರು ಎಂಬ ಮಟ್ಟಿಗೆ ಇದು ನಿಜ. ಆದರೆ 1951ರ ಸುಮಾರಿಗೆ ಅವರ ಒಲವು ಓನ್ ಅವರ ಬಹುಜನಾಂಗೀಯ ಪಕ್ಷದ ಕಡೆಗಿತ್ತು. ಸಮಾಲೋಚನಾ ಸಮಿತಿಯ ಬೆನ್ನಿಗೆ ನಿಂತವರೂ ಬ್ರಿಟಿಷ್ ಕಮಿಷನರ್ ಜನರಲ್ ಮಾಲ್ಕಂ ಮ್ಯಾಕ್‌ಡೊನಾಲ್ಡ್. ಅವರು ಒಲಿದ ಪಕ್ಷ ಸೋತಿತು, ಅನುಮಾನದಿಂದ ಕಂಡ ಮೈತ್ರಿಕೂಟ ಗೆದ್ದಿತು. ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಅಮ್ನೋ ಗೆದ್ದದ್ದು ಎದುರಾಳಿಗಳು ಸೆರೆಮನೆಯಲ್ಲಿದ್ದುದರಿಂದ. 1947ರಲ್ಲಿ ಎಡಪಂಥೀಯ ಮಲಯ ಸಂಘಟನೆಗಳು ಮಲಯೇತರ ಸಂಘಗಳೊಂದಿಗೆ ಸೇರಿ ಜನತಾ ಸಂವಿಧಾನವೊಂದನ್ನು ಮುಂದಿಟ್ಟು, ಅಕ್ಟೋಬರ್ 20ರಂದು ದೇಶವ್ಯಾಪಿ ಹರತಾಳ ನಡೆಸಿದ್ದವು. ಎಲ್ಲ ಪ್ರಜೆಗಳ ರಾಷ್ಟ್ರೀಯತೆಗೂ 'ಮೆಲಾಯು' ಎಂದೇ ಹೆಸರಿರಲಿ ಎಂಬ ಸಾಹಸದ ಸಲಹೆ ಅದರಲ್ಲಿತ್ತು. 1948ರ ಜೂನ್‌ನಲ್ಲಿ ತುರ್ತುಪರಿಸ್ಥಿತಿ ಬಂದು ಆ ದಾರಿ ಮುಚ್ಚಿತು. ಅಹ್ಮದ್ ಬೊಯೆಸ್ತಮಾಮ್ ಅವರಂಥ ಎಡಪಂಥೀಯ ಮಲಯ ಮುಖಂಡರು 1955ರವರೆಗೆ ಬಂಧನದಲ್ಲಿದ್ದರು. ಅಮ್ನೋದ ಏಕಸ್ವಾಮ್ಯಕ್ಕೆ ಈ ಸೆರೆಮನೆಗಳ ನೆರವು ದೊಡ್ಡದೆಂದು ಒಪ್ಪಲೇಬೇಕು. ಆದರೆ ಏಕಸ್ವಾಮ್ಯ ಹೇಗೆ ಬಂತು ಎಂಬುದು ಒಂದು ಪ್ರಶ್ನೆ, ಪಕ್ಷದೊಳಗೆ ಯಾವ ಬಗೆಯ ನಾಯಕ ನಿಂತಾನು ಎಂಬುದು ಇನ್ನೊಂದು. ಓನ್ ಅವರನ್ನು ಸೋಲಿಸಿದ್ದು ಯಾವ ಎಡಪಂಥೀಯನೂ ಅಲ್ಲ.

ಮುಂದಿನ ದಶಕಗಳಲ್ಲಿ ನಾಯಕರು ಬದಲಾದರು, ಕಟ್ಟಳೆ ಬದಲಾಗಲಿಲ್ಲ. 1969ರ ಮೇ 13ರ ಮಲಯ-ಚೀನೀ ಗಲಭೆಯ ನಂತರ ತುಂಕು ತೆರೆಮರೆಗೆ ಸರಿದರು. ಮಲಯರಿಗಿಂತ ಚೀನಿಯರ ಮಾತು ಹೆಚ್ಚು ಕೇಳುತ್ತಾರೆಂಬ ಆರೋಪವೇ ಅವರಿಗೆ ಮುಳುವಾಯಿತು. ಚೌಕಾಸಿಗೂ ಒಂದು ಮಿತಿಯಿತ್ತೆಂದು ಆಗ ಗೊತ್ತಾಯಿತು. ತಂದೆಯ ಜೊತೆ 1951ರಲ್ಲಿ ಪಕ್ಷ ಬಿಟ್ಟಿದ್ದ ಓನ್ ಅವರ ಮಗ ಹುಸೇನ್ ಓನ್ 1968ರಲ್ಲಿ ಅಮ್ನೋಗೆ ಮರಳಿ, 1976ರಲ್ಲಿ ಪ್ರಧಾನಿಯಾದರು. ತಂದೆ ತೋರಿದ ದಾರಿಯಲ್ಲಿ ಹೋಗಿದ್ದರೆ ಅದು ಸಾಧ್ಯವಿರಲಿಲ್ಲ. 1987ರಲ್ಲಿ ಮಹಾತಿರ್ ಮೊಹಮದ್ 43 ಮತಗಳ ಅಂತರದಲ್ಲಿ ಅಧ್ಯಕ್ಷ ಪದವಿ ಉಳಿಸಿಕೊಂಡರು. ನೋಂದಣಿಯಾಗದ ಮೂವತ್ತು ಶಾಖೆಗಳಿದ್ದವೆಂಬ ಕಾರಣಕ್ಕೆ ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟು ಇಡೀ ಪಕ್ಷವನ್ನೇ ಕಾನೂನುಬಾಹಿರವೆಂದಿತು. ಮಹಾತಿರ್ ಹೊಸ ಅಮ್ನೋ ನೋಂದಾಯಿಸಿ ತಮಗೆ ಬೇಕಾದವರನ್ನಷ್ಟೇ ಒಳಗೆ ಬಿಟ್ಟುಕೊಂಡರು. ಮಾಜಿ ಅಧ್ಯಕ್ಷರಾದ ತುಂಕು, ಹುಸೇನ್ ಇಬ್ಬರೂ ಹೊರಗೇ ಉಳಿದರು. ಒಳಗಿನವರನ್ನು ನಾಯಕನೇ ಆರಿಸಿಕೊಂಡ ಉದಾಹರಣೆ ಇದಲ್ಲವೇ ಎಂದು ಕೇಳಬಹುದು. ಅವರು ಆರಿಸಿದ್ದು ವ್ಯಕ್ತಿಗಳನ್ನು. ಸಮುದಾಯದ ಗೆರೆಯನ್ನು ಅವರೂ ಮುಟ್ಟಲಿಲ್ಲ. 1991ರಲ್ಲಿ ಪಕ್ಷ ಸಬಾ ರಾಜ್ಯಕ್ಕೆ ಕಾಲಿಟ್ಟಾಗ ಅಲ್ಲಿನ ಮುಸ್ಲಿಮೇತರ ಮೂಲನಿವಾಸಿಗಳನ್ನು ಸೇರಿಸಿಕೊಂಡದ್ದುಂಟು. ಅಲ್ಲಿ ಗೆರೆ ಸರಿಯಿತು, ಅದೂ ಸಂವಿಧಾನವೇ ಮಲಯರ ಜೊತೆಗೆ ವಿಶೇಷ ಸ್ಥಾನ ಕೊಟ್ಟ ಜನರವರೆಗೆ.

1987ರಲ್ಲಿ ಸೋತ ಬಣದ ರಜಾಲೀ ಹಮ್ಜಾ ಕಟ್ಟಿದ ಪಕ್ಷಕ್ಕೆ ಇಟ್ಟ ಹೆಸರು ಸೆಮಂಗಾತ್ 46, ಅಂದರೆ 1946ರ ಚೈತನ್ಯ. 1996ರಲ್ಲಿ ಅದು ಅಮ್ನೋಗೇ ಮರಳಿತು. 2016ರಲ್ಲಿ ಪಕ್ಷ ಬಿಟ್ಟ ಮಹಾತಿರ್ ಬೆರ್ಸಾತು ಕಟ್ಟಿ 2018ರಲ್ಲಿ ಅಮ್ನೋವನ್ನು ಅಧಿಕಾರದಿಂದ ಕೆಳಗಿಳಿಸಿದಾಗ ಹಳೆಯ ಸೂತ್ರ ಮುರಿಯಿತೆಂದು ಹಲವರು ಬರೆದರು. ಬೆರ್ಸಾತುವಿನ ನಿಯಮಾವಳಿ ಬೇರೆ ಮಾತು ಹೇಳುತ್ತಿತ್ತು: ಪೂರ್ಣ ಸದಸ್ಯತ್ವ ಮಲಯರಿಗೂ ಇತರ ಬೂಮಿಪುತ್ರರಿಗೂ ಮಾತ್ರ, ಉಳಿದವರು ಸಹ ಸದಸ್ಯರು. ಓನ್ 1951ರಲ್ಲಿ ಬಯಸಿದ್ದ ಬಗೆಯ ಬಹುಜನಾಂಗೀಯ ಪಕ್ಷದ ನಾಯಕರೊಬ್ಬರು ಪ್ರಧಾನಿಯಾದದ್ದು 2022ರ ನವೆಂಬರ್‌ನಲ್ಲಿ. ಆ ಅನ್ವರ್ ಇಬ್ರಾಹಿಂ ಅವರೂ ಅಮ್ನೋದಲ್ಲಿ ಬೆಳೆದು, 1998ರಲ್ಲಿ ಅಲ್ಲಿಂದ ಹೊರಹಾಕಿಸಿಕೊಂಡವರು. ಅವರಿಗೆ ಬಹುಮತ ಸಾಲಲಿಲ್ಲ. ಸರಕಾರ ರಚಿಸಲು, ತನ್ನ ಚರಿತ್ರೆಯಲ್ಲೇ ಕನಿಷ್ಠವೆನಿಸುವ 26 ಸ್ಥಾನಗಳಿಗೆ ಕುಸಿದಿದ್ದ ಅಮ್ನೋದ ಬೆಂಬಲ ಬೇಕಾಯಿತು, ಅದರ ಅಧ್ಯಕ್ಷರಿಗೆ ಉಪಪ್ರಧಾನಿ ಹುದ್ದೆ ಕೊಡಬೇಕಾಯಿತು.